ಕೊರ್ರಿ ಅಜ್ಜಿಯ ರೇಡಿಯೋಗೆ ಶ್ರೀಕರ ಮರುಜನ್ಮ ಕೊಟ್ಟದ್ದು

ಹಾಲೆಂಡಿನ ಬಾಡ್‌ಹೂವೆಡಾರ್ಪ್‌ನಲ್ಲಿ ಇನ್ನು ಮುಂದೆ ಯಾವ ಯಂತ್ರಕ್ಕೂ ಅಕಾಲಮರಣ ಬರಕೂಡದು ಎಂದು ಶ್ರೀಕರ ಒಂದು ಶನಿವಾರ ಬೆಳಿಗ್ಗೆ, ಎರಡನೇ ದೋಸೆಗೂ ಮೂರನೇ ದೋಸೆಗೂ ನಡುವೆ, ಶಪಥ ಮಾಡಿದ.

ಶಪಥಕ್ಕೆ ಕಾರಣ ಪಕ್ಕದ ಮನೆಯ ಕೊರ್ರಿ ಅಜ್ಜಿಯ ಕಾಲಿಂಗ್ ಬೆಲ್. ಹಿಂದಿನ ದಿನ ಅದು ಮೂಕಾಗಿತ್ತು. ಶ್ರೀಕರ ಹೋಗಿ ಮುಚ್ಚಳ ತೆಗೆದು, ಎರಡು ಬ್ಯಾಟರಿ ಬದಲಿಸಿ, ಮುಚ್ಚಳ ಹಾಕಿ ಬಂದಿದ್ದ. ಅಷ್ಟಕ್ಕೇ ಅಜ್ಜಿ ಅವನ ಬೆನ್ನು ತಟ್ಟಿ, "ಹಂದಿಖ್! ಭಲೇ ಹಂದಿಖ್!" ಎಂದಿದ್ದರು. ಡಚ್ಚರಲ್ಲಿ ಅದು ಕೈಚಳಕದವರನ್ನು ಹೊಗಳುವ ಮಾತು.

"ಅಜ್ಜಿ ನನ್ನ ಹಂದಿಖ್ ಅಂದ್ರು ಗೊತ್ತಾ?" ಎಂದು ಶ್ರೀಕರ ದೋಸೆ ಮುರಿಯುತ್ತಾ ಹೆಂಡತಿಗೆ ಐದನೇ ಸಲ ಹೇಳಿದ.

"ಊರ ತುಂಬ ಹೇಳ್ಕೋತ ತಿರಗಬ್ಯಾಡ್ರಿ," ಎಂದಳು ಧಾರವಾಡದ ಮೈಥಿಲಿ. "ಕೇಳಿದವರು ಅಜ್ಜಿ ಬೈದಾರ ಅನ್ಕೋತಾರ."

ಶ್ರೀಕರ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಹದಿನೆಂಟು ವರ್ಷವಾಗಿತ್ತು. ಪಾಸಾದ ಮರುದಿನವೇ ಸಾಫ್ಟ್‌ವೇರ್ ಕಂಪನಿ ಸೇರಿದವನು, ಆಮೇಲೆ ಸೋಲ್ಡರಿಂಗ್ ಐರನ್ ಮುಟ್ಟಿರಲಿಲ್ಲ. ಆದರೆ ಡಿಗ್ರಿ ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲಿ ಭದ್ರವಾಗಿತ್ತು. ಬ್ಯಾಟರಿ ಬದಲಿಸಿದ ದಿನದಿಂದ ಅದಕ್ಕೆ ಜೀವ ಬಂದಂತಾಗಿ, ಅವನೊಳಗೆ ಮಲಗಿದ್ದ ಇಂಜಿನಿಯರ್ ಮೈಮುರಿದು ಎದ್ದು ಕೂತಿದ್ದ.

ಮೂರನೇ ದೋಸೆ ಮುಗಿಯುವಷ್ಟರಲ್ಲಿ ಅಜ್ಜಿಯೇ ಬಾಗಿಲಿಗೆ ಬಂದರು. "ಶ್ರೀಕರ, ನನ್ನ ಬಕ್ಕಿ ಕೆಟ್ಟು ಕೂತಿದೆ. ಒಂದು ಸಲ ನೋಡುತ್ತೀಯಾ?"

ಬಕ್ಕಿ ಎಂದರೆ ಡಚ್ಚರ ಬಾಯಲ್ಲಿ ಒಂದು ಕಪ್ ಕಾಫಿ. ಕಾಫಿ ಮಾಡುವ ಯಂತ್ರವಿರಬೇಕು ಅಂದುಕೊಂಡು ಶ್ರೀಕರ ಪಾತ್ರೆ ತೊಳೆಯುವ ಬ್ರಷ್ಷು ಹಿಡಿದುಕೊಂಡೇ ಹೋದ. ಹೋಗಿ ನೋಡಿದರೆ ಅಜ್ಜಿಯ ಹಾಲಿನಲ್ಲಿ ಎರಡಡಿ ಅಗಲದ ಕಬ್ಬಿಣದ ಪೆಟ್ಟಿಗೆ! ಮುಂದೆ ಗುಂಡಿಗಳು, ಪಕ್ಕದಲ್ಲಿ ಸುರುಳಿ ವೈರಿನ ಮೈಕು. ಲಾರಿ ಡ್ರೈವರುಗಳು ಒಂದು ಕಾಲದಲ್ಲಿ ಇಟ್ಟುಕೊಳ್ಳುತ್ತಿದ್ದ ಸಿ.ಬಿ. ರೇಡಿಯೋ. ಅದಕ್ಕೂ ಇಲ್ಲಿಯವರು ಬಕ್ಕಿ ಎಂದೇ ಅನ್ನುತ್ತಾರೆ ಎಂದು ಅವನಿಗೆ ಆವತ್ತೇ ತಿಳಿದದ್ದು. ಈ ರೇಡಿಯೋ ಬರೀ ಕೇಳುವುದಕ್ಕಲ್ಲ; ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಸುತ್ತಮುತ್ತಲ ಊರಿನಲ್ಲಿ ಅದೇ ಚಾನೆಲ್ ಹಚ್ಚಿದವರು ಉತ್ತರ ಕೊಡುತ್ತಾರೆ. ಒಳಗಿರುವುದು ಹಳೆಯ ಕಾಲದ, ಬಲ್ಬಿನಂಥ ಗಾಜಿನ ವಾಲ್ವುಗಳು.

"ನನ್ನ ಗಂಡ, ಕೇಸ್ ಅಂತ ಅವನ ಹೆಸರು, ಆಲ್ಸ್‌ಮೇರಿನಿಂದ ಹೂವಿನ ಲಾರಿ ಓಡಿಸುತ್ತಿದ್ದ," ಎಂದರು ಅಜ್ಜಿ. "ಅವನು ದಾರಿಯಲ್ಲಿ, ನಾನು ಇಲ್ಲಿ, ಇದರಲ್ಲೇ ಸಂಸಾರ. ಅವನು ಹೋಗಿ ಆರು ವರ್ಷ. ಆಮೇಲೆ ಅವನ ಗೆಳೆಯ ವಿಮ್ ಜೊತೆ ದಿನಾ ಮಾತಾಡುತ್ತಿದ್ದೆ. ವಿಮ್ ಈಗ ಹೋಫ್‌ಡಾರ್ಪ್‌ನ ವೃದ್ಧರ ಮನೆಯಲ್ಲಿದ್ದಾನೆ. ಎರಡು ವರ್ಷದಿಂದ ಇದು ಗುಂಯ್ ಎನ್ನುತ್ತದೆ, ಅಷ್ಟೇ. ನಾಳೆಯಲ್ಲ, ಅದರ ಮುಂದಿನ ಭಾನುವಾರ ನನಗೆ ಎಂಬತ್ತು. ಮಧ್ಯಾಹ್ನ ಮೂರಕ್ಕೆ ವಿಮ್ ತನ್ನ ಸೆಟ್ ಹಚ್ಚಿ ಕಾಯುತ್ತೇನೆ ಎಂದಿದ್ದಾನೆ. ಇದರ ಕೆಪಾಸಿಟರುಗಳು ಒಣಗಿರಬೇಕು ಅಂತ ನನಗೆ ಅನಿಸುತ್ತೆ…"

"ಅದನ್ನೆಲ್ಲ ನನಗೆ ಬಿಡಿ!" ಎಂದ ಶ್ರೀಕರ, ಬ್ರಷ್ಷನ್ನು ಜೇಬಿಗೆ ಸೇರಿಸುತ್ತಾ. ಕೆಪಾಸಿಟರ್ ಎಂಬುದು ಕರೆಂಟನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುವ ಪುಟ್ಟ ಡಬ್ಬಿ, ಅದಕ್ಕೆ ಪ್ಲಸ್ಸು ಮೈನಸ್ಸು ಅಂತ ಎರಡು ತುದಿ, ಹಳೆಯದಾದರೆ ಒಳಗಿನ ರಸ ಆರಿಹೋಗುತ್ತದೆ ಎಂದೆಲ್ಲ ಅವನು ಅಜ್ಜಿಗೆ ಹತ್ತು ನಿಮಿಷ ಪಾಠ ಹೇಳಿದ. ಅಜ್ಜಿ ತಾಳ್ಮೆಯಿಂದ ಕೇಳಿದರು.

"ನೀನು ಬಿಚ್ಚುವಾಗ ನಾನೂ ಬಂದು ಪಕ್ಕದಲ್ಲಿ ಕೂರಲೇ?"

"ಅಯ್ಯೋ ಬೇಡಿ! ಒಳಗೆ ನಾನ್ನೂರು ವೋಲ್ಟ್ ಓಡಾಡುತ್ತೆ. ವಯಸ್ಸಾದವರಿಗೆ ಆಗೋ ಕೆಲಸ ಅಲ್ಲ ಇದು. ನೀವು ಆರಾಮಾಗಿ ಟೀವಿ ನೋಡಿ."

ಅಜ್ಜಿ ಮೈಕಿನ ವೈರು ಸುತ್ತಿ ಪೆಟ್ಟಿಗೆಯ ಮೇಲಿಟ್ಟರು; ಶ್ರೀಕರ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ನಡೆದ.

ಎನ್ಸ್‌ಕೆಡೆಯ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳೆಯ ಕೇಶವನಿಗೆ ಶ್ರೀಕರ ಫೋನು ಮಾಡಿ ವಿಷಯ ತಿಳಿಸಿದ. ಸಲಹೆ ಕೇಳುವುದಕ್ಕಲ್ಲ, ಕೊಚ್ಚಿಕೊಳ್ಳುವುದಕ್ಕೆ.

"ಲೋ ಶ್ರೀ, ವಾಲ್ವ್ ಸೆಟ್ಟು ಅಂದ್ರೆ ಹುಡುಗಾಟ ಅಲ್ಲ ಕಣೋ," ಎಂದ ಕೇಶವ. "ಮೊದಲನೇ ಸಲ ಆನ್ ಮಾಡುವಾಗ ಕರೆಂಟು ಬರೋ ದಾರೀಲಿ ಒಂದು ಬಲ್ಬ್ ಸೀರೀಸಲ್ಲಿ ಹಾಕ್ಕೋ. ಏನಾದ್ರೂ ತಪ್ಪಿದ್ರೆ ಬಲ್ಬ್ ಉರಿಯುತ್ತೆ, ಸೆಟ್ ಉಳಿಯುತ್ತೆ."

"ಅದೆಲ್ಲ ಅನುಮಾನ ಇರೋರಿಗೆ ಕಣೋ," ಎಂದು ಶ್ರೀಕರ ಫೋನಿಟ್ಟ.

ಹೊಸ ಕೆಪಾಸಿಟರುಗಳು ಬುಧವಾರ ಬಂದವು. ಮನೆಯಿಂದಲೇ ಕೆಲಸ ಮಾಡುವ ಶುಕ್ರವಾರ, ಮೀಟಿಂಗುಗಳ ನಡುವೆ, ಊಟದ ಟೇಬಲ್ಲೇ ಆಪರೇಷನ್ ಥಿಯೇಟರ್ ಆಯಿತು. ಒಟ್ಟು ಹದಿನಾಲ್ಕು ಕೆಪಾಸಿಟರು. ಶ್ರೀಕರ ಒಂದೊಂದನ್ನೇ ಕಿತ್ತ, ಒಂದೊಂದನ್ನೇ ಬೆಸೆದ. ಬೆಸುಗೆಗಳು ಗೋಡೆಗೆ ತಟ್ಟಿದ ಬೆರಣಿಯಂತೆ ಕಂಡರೂ ಅಂಟಿಕೊಂಡಿದ್ದವು. ಹದಿಮೂರರಲ್ಲೂ ಮೈನಸ್ ತುದಿ ಕಬ್ಬಿಣದ ತಳಕ್ಕೆ ಸೇರಿತ್ತು. ಹದಿನಾಲ್ಕನೆಯದರಲ್ಲಿ ಮಾತ್ರ ಪ್ಲಸ್ ತುದಿ ತಳಕ್ಕೆ ಸೇರಿತ್ತು!

ಶ್ರೀಕರನಿಗೆ ಪುಳಕವಾಯಿತು. ಐವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ತಪ್ಪು! ಹಿತ್ತಲಿಗೆ ಓಡಿದ. ಬೇಲಿಯಾಚೆ ಅಜ್ಜಿ ಗಿಡ ಕತ್ತರಿಸುತ್ತಿದ್ದರು.

"ಅಜ್ಜಿ, ಸಿಕ್ಕಿಬಿಡ್ತು! ಯಾರೋ ದಡ್ಡರು ಒಂದು ಕೆಪಾಸಿಟರ್ ಉಲ್ಟಾ ಹಾಕಿದಾರೆ. ನಿಮ್ಮ ಯಜಮಾನರೇ ಇರಬೇಕು. ಪಾಪ, ಲಾರಿ ಓಡಿಸೋರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು!"

"ಅದು ಹಾಗೆಯೇ ಇರಬೇಕಲ್ಲವೇ?" ಎಂದರು ಅಜ್ಜಿ.

"ನಾನು ಇಂಜಿನಿಯರ್ ಅಜ್ಜಿ!"

"ಸರಿ. ನೀನು ಇಂಜಿನಿಯರ್," ಎಂದು ಅಜ್ಜಿ ಕತ್ತರಿ ಹಿಡಿದು ಮತ್ತೆ ಗಿಡದ ಕಡೆ ತಿರುಗಿದರು.

ಶ್ರೀಕರ ಐವತ್ತು ವರ್ಷದ ಅನ್ಯಾಯವನ್ನು ಎರಡು ನಿಮಿಷದಲ್ಲಿ ಸರಿಪಡಿಸಿದ. ಸೀರೀಸಿನಲ್ಲಿ ಬಲ್ಬು ಹಾಕಲಿಲ್ಲ. ಬಲ್ಬು ಹಾಕಿದರೆ ತನ್ನ ಮೇಲೆ ತನಗೇ ನಂಬಿಕೆ ಇಲ್ಲವೆಂದಾಗುತ್ತಿತ್ತಲ್ಲ! "ಮೈಥಿಲಿ, ಬಾ, ಚರಿತ್ರೆ ನೋಡು!" ಎಂದು ಕೂಗಿ ಸ್ವಿಚ್ ಒತ್ತಿದ.

ಚರಿತ್ರೆ ಇಪ್ಪತ್ತು ಸೆಕೆಂಡು ತೆಗೆದುಕೊಂಡಿತು. ಮೊದಲು ವಾಲ್ವುಗಳು ಕೆಂಪಾದವು. ಆಮೇಲೆ 'ಸುಯ್' ಎಂದು ಸಣ್ಣ ಸದ್ದು. ಆಮೇಲೆ—

ಢಮಾರ್!

ಶ್ರೀಕರ ಟೇಬಲ್ಲಿನ ಅಡಿಯಲ್ಲಿದ್ದ. ತಾನು ಯಾವಾಗ ಅಲ್ಲಿಗೆ ಹೋದೆನೆಂದು ಅವನಿಗೆ ಇವತ್ತಿಗೂ ನೆನಪಿಲ್ಲ. ಮೇಲಿನಿಂದ ಬೆಳ್ಳಿಯ ಕಾಗದದ ಚೂರುಗಳು ಮದುವೆಯ ಅಕ್ಷತೆಯಂತೆ ಉದುರಿದವು. ಕೊಳೆತ ಮೀನಿಗೂ ಸುಟ್ಟ ರಬ್ಬರಿಗೂ ಹುಟ್ಟಿದಂಥ ವಾಸನೆ ಎದ್ದಿತು. ಸೀಲಿಂಗಿನ ಹೊಗೆ ಅಲಾರಾಂ ಬಾಯಿ ಬಡಿದುಕೊಳ್ಳತೊಡಗಿತು. ಮೈಥಿಲಿ ಓಡಿ ಬಂದು ಪ್ಲಗ್ ಕಿತ್ತಳು, ಕಿಟಕಿ ತೆರೆದಳು, ಆಮೇಲೆ ಟೇಬಲ್ಲಿನ ತುದಿಯಲ್ಲಿ ಆರಲು ಇಟ್ಟಿದ್ದ ಹುಳಿಯ ಪಾತ್ರೆಯೊಳಗೆ ಇಣುಕಿದಳು.

"ಏನ್ರೀ ಇದು? ಹುಳಿಗೆ ಬೆಳ್ಳಿ ವರ್ಕ್ ಹಚ್ಚೀರೇನು?"

ಬಾಗಿಲ ಬೆಲ್ ಆಯಿತು. ಬೇಲಿಯಾಚೆಗೆ ಸದ್ದು ಕೇಳದೆ ಇರುತ್ತದೆಯೇ! ಅಜ್ಜಿ ನಿಂತಿದ್ದರು. "ಏನಾದರೂ ಆಯಿತೇ?"

ಇಲ್ಲೇ ಶ್ರೀಕರ ನಿಜ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಜ್ಜಿಯ ಕೈಯಲ್ಲಿ ಅವನಿಗೆಂದು ತಂದಿದ್ದ ಸೇಬಿನ ಕೇಕ್ ಇತ್ತು. ಮೇಲಾಗಿ ಅವರು, "ವಿಮ್‌ಗೆ ಹೇಳಿಬಿಟ್ಟೆ. ಅವನು ಬೆಳಿಗ್ಗೆಯಿಂದ ತನ್ನ ಸೆಟ್ ಒರೆಸುತ್ತಿದ್ದಾನಂತೆ," ಎಂದರು. ಶ್ರೀಕರನ ನಾಲಗೆ ಅವನ ಅಪ್ಪಣೆ ಕೇಳದೆ ಹೊರಳಿತು.

"ಕುಕ್ಕರ್ ಅಜ್ಜಿ! ಕುಕ್ಕರ್ ಸಿಡೀತು. ರೇಡಿಯೋ ಫಸ್ಟ್ ಕ್ಲಾಸ್ ಆಗಿದೆ."

ಅಜ್ಜಿ ಮೂಗು ಮೇಲೆತ್ತಿ ಒಂದು ಸಲ ವಾಸನೆ ನೋಡಿದರು. ಕೇಕ್ ಕೊಟ್ಟು ಹೋದರು.

"ಈಗ ಹೋಗಿ ಖರೇ ಹೇಳಿ ಬರ್ರಿ," ಎಂದಳು ಮೈಥಿಲಿ.

"ಹುಟ್ಟಿದ ಹಬ್ಬ ಮುಗೀಲಿ. ಸೋಮವಾರ ಹೇಳ್ತೀನಿ. ಅಲ್ಲಿವರೆಗೆ ಅಜ್ಜಿ ಮನಸ್ಸು ಯಾಕೆ ನೋಯಿಸ್ಬೇಕು?"

"ಅಜ್ಜಿ ಮನಸ್ಸೋ, ನಿಮ್ಮ ಮೂಗೋ?"

ಶ್ರೀಕರನ ಕಣ್ಣು ಬಚ್ಚಲಲ್ಲಿದ್ದ ಮೈಥಿಲಿಯ ಬ್ಲೂಟೂತ್ ಸ್ಪೀಕರಿನ ಮೇಲಿತ್ತು. ಹಳದಿ ಬಾತುಕೋಳಿಯ ಆಕಾರದ್ದು. ಸ್ನಾನ ಮಾಡುವಾಗ ಅವಳು ದಾಸರಪದ ಕೇಳುವುದು ಅದರಲ್ಲೇ. ಶನಿವಾರ ಅವನು ಪೆಟ್ಟಿಗೆಯೊಳಗೆ, ಸುಟ್ಟ ಭಾಗಗಳ ಪಕ್ಕದಲ್ಲಿ, ಆ ಬಾತುಕೋಳಿಯನ್ನು ಮಲಗಿಸಿದ. ರೇಡಿಯೋದ ಒಳಗಿನ ವೈರು ಕತ್ತರಿಸಿ, ಮುಂದಿನ ಪುಟ್ಟ ದೀಪ ಮಾತ್ರ ಹತ್ತುವಂತೆ ಮಾಡಿದ. ಗೊರಗೊರ ಸದ್ದನ್ನು ಫೋನಿಗೆ ಇಳಿಸಿಕೊಂಡ. ಅಜ್ಜಿ ಕರೆಯುತ್ತಾರೆ, ಗೊರಗೊರ ಕೇಳುತ್ತದೆ, 'ಇವತ್ತು ಹವಾಮಾನ ಸರಿಯಿಲ್ಲ' ಎಂದು ತಾನು ಹೇಳುವುದು. ಇದು ಅವನ ಯೋಜನೆ. ಮೈಥಿಲಿ ತನ್ನ ಫೋನು ಎತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಭಾನುವಾರ ಅಜ್ಜಿಯ ಹಾಲಿನಲ್ಲಿ ಡಚ್ಚರ ಪದ್ಧತಿಯಂತೆ ಕುರ್ಚಿಗಳು ವೃತ್ತಾಕಾರವಾಗಿ ಕೂತಿದ್ದವು. ಬಂದವರೆಲ್ಲ ಅಜ್ಜಿಗೆ ಮಾತ್ರವಲ್ಲ, ಒಬ್ಬರಿಗೊಬ್ಬರೂ ಶುಭಾಶಯ ಹೇಳಿಕೊಂಡು, ಒಂದೊಂದು ತುಂಡು ಕೇಕ್ ಮಡಿಲಲ್ಲಿಟ್ಟುಕೊಂಡು ಕೂತರು. ಹನ್ನೆರಡು ಜನ. ಮಧ್ಯದ ಟೇಬಲ್ಲಿನ ಮೇಲೆ ರೇಡಿಯೋ, ಉತ್ಸವಮೂರ್ತಿಯ ಹಾಗೆ. ಗಡಿಯಾರ ಮೂರು ತೋರಿಸಿತು.

ಶ್ರೀಕರ ಎದ್ದು ರೇಡಿಯೋದ ಸ್ವಿಚ್ ಹಾಕಿದ. ಇನ್ನೊಂದು ಕೈ ಜೇಬಿನಲ್ಲಿ ಫೋನು ಒತ್ತಿತು. ತಕ್ಷಣ, 'ಗೊರ್ರ್ರ್ರ್…'

ಚಪ್ಪಾಳೆ! ಅಜ್ಜಿ ಚಪ್ಪಾಳೆ ತಟ್ಟಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು.

"ಸರಿಯಾಗಿದೆ ತಾನೇ, ಶ್ರೀಕರ?"

"ಹೌ… ಹೌದು ಅಜ್ಜಿ."

ಅಜ್ಜಿ ಮೈಕು ತೆಗೆದುಕೊಂಡರು. ಅವರ ಕೈ ಸಣ್ಣಗೆ ನಡುಗುತ್ತಿತ್ತು. "ವಿಮ್, ವಿಮ್. ನಾನು ಕೊರ್ರಿ. ಕೇಳಿಸುತ್ತಿದೆಯಾ?"

ಗೊರಗೊರ.

"ವಿಮ್, ನಾನು ಕೊರ್ರಿ. ನನಗೆ ಎಂಬತ್ತಾಯಿತು. ಇದ್ದೀಯಾ?"

ಗೊರಗೊರ. ಕುರ್ಚಿಗೆ ಮರಳಿದ್ದ ಶ್ರೀಕರ ಕೇಕಿನ ತಟ್ಟೆ ಕೆಳಗಿಟ್ಟ. ಎಂಬತ್ತರ ಮುದುಕಿಯೊಬ್ಬಳು ಬಾತುಕೋಳಿಯ ಮುಂದೆ ಕೂತು ಗೆಳೆಯನನ್ನು ಕರೆಯುತ್ತಿದ್ದಳು. ಆ ಗೊರಗೊರದ ಗುಂಡಿ ಅವನ ಜೇಬಿನಲ್ಲಿತ್ತು. ಅಜ್ಜಿ ಮೂರನೇ ಸಲ ಕರೆದಾಗ ಅವನಿಗೆ ತಡೆಯಲಾಗಲಿಲ್ಲ. ಹೇಳಿಬಿಡೋಣವೆಂದು ಎದ್ದ. ಬಾಯಿ ತೆರೆದ.

ಅಷ್ಟರಲ್ಲಿ ಜೇಬಿನ ಫೋನು ಅದುರಿತು. ಗಾಬರಿಯಲ್ಲಿ ಕತ್ತರಿಸಲು ಹೋಗಿ ಬೇರೆ ಗುಂಡಿ ಒತ್ತಿದ. ಗೊರಗೊರ ನಿಂತು ರೇಡಿಯೋದಿಂದ ಗಂಭೀರವಾದ ಗಂಡು ದನಿಯೊಂದು ಕೋಣೆ ತುಂಬ ಮೊಳಗಿತು:

"ಲೋ ಶ್ರೀ! ಏನಾಯ್ತೋ ಆ ಅಜ್ಜಿ ರೇಡಿಯೋ? ಢಮಾರ್ ಅಂತಂತೆ, ಮೈಥಿಲಿ ಹೇಳಿದ್ಲು! ಅಜ್ಜಿಗೆ ಹೇಳಿದ್ಯೋ, ಇಲ್ಲ ಬಾಯ್ಮುಚ್ಕೊಂಡು ಕೇಕ್ ತಿಂತಾ ಕೂತಿದೀಯೋ? ಹಲೋ? ಹಲೋ!"

ಶ್ರೀಕರ ಹೇಗೋ ಫೋನು ಆರಿಸಿದ. ಎದುರು ಮನೆಯ ಮೀಸೆಯ ಮುದುಕರು ಎದ್ದು ನಿಂತು ಕೂಗಿದರು: "ಇಂಡಿಯಾ! ಇದು ಇಂಡಿಯಾದ ಭಾಷೆ! ಇಷ್ಟು ಹಳೆಯ ಪೆಟ್ಟಿಗೆ ಇಂಡಿಯಾದಿಂದ ಹಿಡಿಯಿತು!"

ಹನ್ನೆರಡು ಜನವೂ ಎದ್ದರು. ಮೊದಲಿನದು ಚಪ್ಪಾಳೆಯೇ ಅಲ್ಲ ಅನ್ನುವಂಥ ಚಪ್ಪಾಳೆ. ಒಬ್ಬರು ಶ್ರೀಕರನ ಕೈ ಕುಲುಕಿದರು, ಒಬ್ಬರು ಅಪ್ಪಿಕೊಂಡರು, ಇನ್ನೊಬ್ಬರು ತಮ್ಮ ಮನೆಯ ಹಳೆಯ ಟೇಪ್ ರೆಕಾರ್ಡರ್ ಯಾವಾಗ ತರಲಿ ಎಂದು ಕೇಳಿದರು. ಬೈಸಿಕೊಳ್ಳಲು ಎದ್ದವನಿಗೆ ಸನ್ಮಾನ! ಶ್ರೀಕರನಿಗೆ ನೆಲದ ಕಾರ್ಪೆಟ್ಟಿನ ಕೆಳಗೆ ಹೋಗಿ ಮಲಗೋಣ ಅನಿಸಿತು.

"ಆ ಮನುಷ್ಯ ಏನು ಹೇಳಿದ?" ಎಂದು ಮೀಸೆಯವರು ಮೈಥಿಲಿಯನ್ನು ಕೇಳಿದರು.

ಮೈಥಿಲಿ ಗಂಡನ ಮುಖ ನೋಡಿದಳು. ಅದು ನೋಡುವಂತಿರಲಿಲ್ಲ. "ಅಜ್ಜಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ್ರು," ಎಂದು ನಕ್ಕಳು. ನಗುನಗುತ್ತಲೇ ಕನ್ನಡದಲ್ಲಿ ಸೇರಿಸಿದಳು: "ನಿಮ್ಮ ಸಲುವಾಗಿ ನಾನೂ ಸುಳ್ಳು ಹೇಳೋ ಹಂಗಾತು. ಮನೀಗೆ ನಡೀರಿ, ಅದ ನಿಮಗ."

ಐದಕ್ಕೆ ಎಲ್ಲರೂ ಹೊರಟರು. "ನೀವಿಬ್ಬರೂ ಸ್ವಲ್ಪ ಇರಿ," ಎಂದರು ಅಜ್ಜಿ. ಬಾಗಿಲು ಹಾಕಿ ಬಂದು ಕೂತು, ಮೆಲ್ಲಗೆ ಹೇಳಿದರು:

"ವಾಲ್ವ್ ಕಾಯುವುದಕ್ಕೆ ಅರ್ಧ ನಿಮಿಷವಾದರೂ ಬೇಕು. ನಿನ್ನ ರೇಡಿಯೋ ಸ್ವಿಚ್ ಹಾಕಿದ ತಕ್ಷಣ ಗೊರಗೊರ ಅಂದಿತು. ಮುಟ್ಟಿ ನೋಡಿದೆ. ತಣ್ಣಗೆ, ಮಂಜುಗಡ್ಡೆ."

"ಗೊತ್ತಿದ್ದೂ ಮೂರು ಸಲ ಕರೆದ್ರಾ ಅಜ್ಜಿ?"

"ನೀನು ಎಷ್ಟನೇ ಸಲಕ್ಕೆ ಏಳುತ್ತೀಯಾ ಅಂತ ನೋಡುತ್ತಿದ್ದೆ."

ಶ್ರೀಕರ ತಲೆ ತಗ್ಗಿಸಿ ನಾಲ್ಕು ಸ್ಕ್ರೂ ಬಿಚ್ಚಿದ. ಹಳದಿ ಬಾತುಕೋಳಿ ಅಜ್ಜಿಯನ್ನು ನೋಡಿ ನಗುತ್ತಿತ್ತು. ಅವನು ಎಲ್ಲವನ್ನೂ ಹೇಳಿದ. ಢಮಾರ್, ಕುಕ್ಕರ್, ಗೊರಗೊರ, ಯಾವುದನ್ನೂ ಬಿಡಲಿಲ್ಲ. ಉಲ್ಟಾ ಇದ್ದ ಕೆಪಾಸಿಟರನ್ನು ತಿರುಗಿಸಿದ ವಿಷಯ ಬಂದಾಗ ಅಜ್ಜಿ ಕೈ ಎತ್ತಿದರು.

"ಅದು ಉಲ್ಟಾ ಇರಲಿಲ್ಲ. ಆ ಭಾಗದಲ್ಲಿ ಮೈನಸ್ ವೋಲ್ಟೇಜ್. ಅಲ್ಲಿ ಪ್ಲಸ್ಸೇ ತಳಕ್ಕೆ ಸೇರಬೇಕು. ಅದನ್ನು ಹಾಕಿದ ದಡ್ಡಿ ನಾನೇ."

ಅಜ್ಜಿ ರೇಡಿಯೋ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವರು! ಈ ಸೆಟ್ಟನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದವರು! ಲಾರಿ ಓಡಿಸುತ್ತಿದ್ದ ಗಂಡ ಕೇಸ್‌ಗೆ ಮನೆಯ ಬಲ್ಬು ಬದಲಿಸಲೂ ಬರುತ್ತಿರಲಿಲ್ಲವಂತೆ. ಅಂಥವರಿಗೆ ಶ್ರೀಕರ ಪ್ಲಸ್ಸು ಮೈನಸ್ಸಿನ ಪಾಠ ಹೇಳಿದ್ದ, ಅದೂ ಪಾತ್ರೆ ತೊಳೆಯುವ ಬ್ರಷ್ಷನ್ನು ಜೇಬಿನಲ್ಲಿಟ್ಟುಕೊಂಡು.

"ಮತ್ತೆ… ನನಗ್ಯಾಕೆ ಕೊಟ್ರಿ ಅಜ್ಜಿ?"

"ಕೈ ನಡುಗುತ್ತದಲ್ಲ. ನಿನ್ನ ಪಕ್ಕ ಕೂತು ನಾನು ಹೇಳುವುದು, ನೀನು ಮಾಡುವುದು ಅಂದುಕೊಂಡಿದ್ದೆ. ನೀನು ಟೀವಿ ನೋಡಿ ಅಂದೆ."

ಆಗ ಅಜ್ಜಿಗೆ ಫೋನು ಬಂತು. ಅವರು ಸ್ಪೀಕರಿಗೆ ಹಾಕಿದರು. ವಿಮ್. ದನಿ ಬಸವಳಿದಿತ್ತು. "ಕೊರ್ರಿ, ಮೂರರಿಂದ ಐದರವರೆಗೆ ಕರೆದೆ. ನರ್ಸು ಟೀಗೆ ಕರೆದರೂ ಏಳಲಿಲ್ಲ. ಎಲ್ಲಿ ಹೋಗಿದ್ದೆ? ಆರೋಗ್ಯವಾಗಿದ್ದೀಯಾ ತಾನೇ?"

ಶ್ರೀಕರನಿಗೆ ಬೈಗುಳ ಕೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಕೈ ಚಾಚಿ ಫೋನು ಇಸಿದುಕೊಂಡ. ತನಗೆ ಬರುವ ಮುರುಕು ಡಚ್ಚಿನಲ್ಲಿ, "ತಪ್ಪು ನನ್ನದು. ರೇಡಿಯೋ ನಾನು ಕೆಡಿಸಿದೆ. ಕ್ಷಮಿಸಿ," ಎಂದ.

"ನೀನು ಯಾರು?"

"ನಾನು ಇಂ…" ಎಂದು ಹೊರಟ ಪದ ಹಲ್ಲಿನ ಹತ್ತಿರ ಬಂದು ವಾಪಸಾಯಿತು. "ನಾನು ಪಕ್ಕದ ಮನೆಯವನು."

ಮುಂದಿನ ಶನಿವಾರ ಅಜ್ಜಿಯ ಟೇಬಲ್ಲಿನ ಸುತ್ತ ಮೂವರೂ ಕೂತರು. ಅಜ್ಜಿ ಬಿಸ್ಕೆಟ್ ಡಬ್ಬಿಯಿಂದ ಹತ್ತಿಯಲ್ಲಿ ಸುತ್ತಿಟ್ಟ ಹೊಸ ವಾಲ್ವ್ ತೆಗೆದರು. ಶ್ರೀಕರ ಒಂದು ಬೆಸುಗೆ ಹಾಕಿ ತೋರಿಸಿದ. ಅಜ್ಜಿ ಭೂತಗನ್ನಡಿಯಲ್ಲಿ ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಕಾರ್ಖಾನೆಯಲ್ಲಿ ಇದಕ್ಕೆ ಹೊಸಬರನ್ನು ಮನೆಗೆ ಕಳಿಸುತ್ತಿದ್ದರು."

"ಕೊಡ್ರಿ ಇಲ್ಲೆ," ಎಂದು ಮೈಥಿಲಿ ಸೋಲ್ಡರಿಂಗ್ ಐರನ್ ಇಸಿದುಕೊಂಡಳು. ಹತ್ತು ವರ್ಷದವಳಿದ್ದಾಗಿನಿಂದ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕಿದ ಕೈ ಅದು. ಅಜ್ಜಿ ಬೆರಳು ತೋರಿಸಿದರು, ಮೈಥಿಲಿ ಬೆಸೆದಳು. ಒಂದೊಂದು ಬೆಸುಗೆಯೂ ಮೂಗುತಿಯ ಹರಳಿನಂತೆ ಹೊಳೆಯಿತು. ಅಜ್ಜಿ, "ಹಂದಿಖ್!" ಎಂದರು. ಈ ಸಲ ಶ್ರೀಕರನ ಕಡೆ ನೋಡಲಿಲ್ಲ.

ಸೀರೀಸಿನಲ್ಲಿ ಬಲ್ಬು ಹಾಕಿದರು. ಬಲ್ಬು ಮಿಣಕ್ ಎಂದು ಮಂಕಾಯಿತು, ಅಂದರೆ ತಪ್ಪಿಲ್ಲ. ಬಲ್ಬು ತೆಗೆದು ನೇರವಾಗಿ ಕರೆಂಟು ಕೊಟ್ಟರು. ಅರ್ಧ ನಿಮಿಷ. ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ ಅಜ್ಜಿಯ ಮುಖ ಅರಳಿತು.

"ವಿಮ್, ವಿಮ್. ನಾನು ಕೊರ್ರಿ."

ಗೊರಗೊರದ ಒಳಗಿನಿಂದ, ಪಕ್ಕದಲ್ಲೇ ಕೂತಂತೆ: "ಕೊರ್ರಿ! ಎಂಬತ್ತಾದರೂ ದನಿ ಹಾಗೇ ಇದೆಯಲ್ಲೇ!"

ಅಜ್ಜಿ ಕಣ್ಣೊರೆಸಿಕೊಂಡರು. ಮೈಥಿಲಿಯೂ ಒರೆಸಿಕೊಂಡಳು. ಶ್ರೀಕರ ಇಬ್ಬರಿಗೂ ಕಾಣದಂತೆ ಕಿಟಕಿಯ ಕಡೆ ತಿರುಗಿ, ಇಳಿಯುತ್ತಿದ್ದ ವಿಮಾನವೊಂದನ್ನು ಬಹಳ ಶ್ರದ್ಧೆಯಿಂದ ನೋಡಿದ.

"ಯಾರು ರಿಪೇರಿ ಮಾಡಿದ್ದು?" ಎಂದು ಕೇಳಿತು ರೇಡಿಯೋ.

"ಮೈಥಿಲಿ. ಪಕ್ಕದ ಮನೆಯವಳು. ಇನ್ನು ಮುಂದೆ ನನ್ನ ಕೈ ಅವಳೇ."

"ಮತ್ತೆ ಅವನು? ಆವತ್ತು ಫೋನಿನಲ್ಲಿ ಅಳುವ ದನಿಯಲ್ಲಿ ಕ್ಷಮೆ ಕೇಳಿದನಲ್ಲ, ಅವನಿಗೆ ಏನೂ ಕೆಲಸ ಕೊಡಲಿಲ್ಲವೇ?"

ಅಜ್ಜಿ ಶ್ರೀಕರನನ್ನು ನೋಡಿ ಮೈಕಿನ ಗುಂಡಿ ಒತ್ತಿದರು.

"ಕೊಟ್ಟಿದ್ದೇನೆ ವಿಮ್. ಗೋಡೆಗೆ ಎರಡು ಕಡ್ಡಿಯ ಪ್ಲಗ್ ಚುಚ್ಚುವ ಕೆಲಸ. ಅದೊಂದನ್ನು ಮಾತ್ರ ಉಲ್ಟಾ ಹಾಕಿದರೂ ಏನೂ ಆಗುವುದಿಲ್ಲ!"